ಐನೂರು ತಲೆ ಇಲ್ಲದ ಕಡೆ ಸುರಕ್ಷತೆಗೆ ಯಜಮಾನ ಯಾರು?

ಕೆಲಸಕ್ಕೆ ಹೋದವರು ಸಂಜೆ ಕೈಕಾಲು ನೆಟ್ಟಗಿಟ್ಟುಕೊಂಡು ಮನೆಗೆ ಬರಬೇಕಾದರೆ ಅದನ್ನು ನೋಡಿಕೊಳ್ಳುವ ಮುಂದಾಳುಗಳು ಬೇಕು. ಇದಕ್ಕೆ ಯಾರ ತಕರಾರೂ ಇಲ್ಲ. ಆ ಮುಂದಾಳು ಎಲ್ಲಿಂದ ಬರಬೇಕು ಎಂದು ಕೇಳಿದರೆ ಮಾತ್ರ ಎಲ್ಲರ ಬಾಯಲ್ಲೂ ಒಂದೇ ಸಿದ್ಧ ಉತ್ತರ. ಬಿ.ಇ. ಮುಗಿಸಿದ ಹುಡುಗ ಒಂದು ವರ್ಷದ ಸೇಫ್ಟಿ ಡಿಪ್ಲೊಮಾ ಮಾಡಬೇಕು, ಪೀಣ್ಯದಲ್ಲೋ ವಸಂತನರಸಾಪುರದಲ್ಲೋ ದೊಡ್ಡ ಕಂಪನಿ ಸೇರಬೇಕು, ಬಿಳಿ ಹೆಲ್ಮೆಟ್ ಹಾಕಬೇಕು, ಹತ್ತು ವರ್ಷದಲ್ಲಿ ಮ್ಯಾನೇಜರ್ ಆಗಬೇಕು. ಅಲ್ಲಿಗೆ ನಾಡಿಗೆ ‘ನಾಳಿನ ಸುರಕ್ಷತಾ ನಾಯಕರು’ ಸಿಕ್ಕಂತೆ. ಮಾರ್ಚ್ 4ರ ರಾಷ್ಟ್ರೀಯ ಸುರಕ್ಷತಾ ದಿನಕ್ಕೆ ಗೇಟಿಗೆ ಹಸಿರು ಬ್ಯಾನರು, ಸಾಲಾಗಿ ನಿಂತು ಪ್ರತಿಜ್ಞೆ, ಪ್ರಬಂಧ ಸ್ಪರ್ಧೆ, ಬಹುಮಾನ, ಲಾಡು. ಅದೇ ಹೊತ್ತಿಗೆ ತುರುವೇಕೆರೆಯ ತೆಂಗಿನ ತೋಟದಲ್ಲಿ ಒಬ್ಬ ಅರವತ್ತಡಿ ಮೇಲೆ ಗರಿಯ ಬುಡ ಹಿಡಿದು ನೇತಾಡುತ್ತಿರುತ್ತಾನೆ. ಆ ಪ್ರತಿಜ್ಞೆ ಅವನ ಹೆಸರಿನಲ್ಲೂ ಆಗಬೇಕಿತ್ತು ಎಂದು ಅಲ್ಲಿ ನಿಂತ ಒಬ್ಬರಿಗಾದರೂ ಹೊಳೆಯುತ್ತದೆಯೇ?

ಈ ಸಿದ್ಧ ಉತ್ತರ ಅರ್ಧ ಸರಿ ಎಂದು ಒಪ್ಪಿಕೊಂಡು ಮುಂದೆ ಹೋಗುವ ಸೌಜನ್ಯ ನನಗೆ ಬೇಡ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಮಟ್ಟಿಗೆ ಅದು ಪೂರ್ತಿ ತಪ್ಪು. ತಪ್ಪು ಅನ್ನುವುದಕ್ಕಿಂತ, ಜೀವ ತೆಗೆಯುವ ಉತ್ತರ.

ಮೊದಲು ಲೆಕ್ಕ ನೋಡಿ. 1948ರ ಕಾರ್ಖಾನೆ ಕಾಯಿದೆಗೆ 1976ರಲ್ಲಿ ಸೇರಿದ ಕಲಂ ಒಂದು, 1,000 ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆಯಲ್ಲಿ ಸುರಕ್ಷತಾ ಅಧಿಕಾರಿ ಇರಲೇಬೇಕು ಎಂದಿತು. 2020ರಲ್ಲಿ ಸಂಸತ್ತು ಒಪ್ಪಿ 2025ರ ನವೆಂಬರ್ 21ರಿಂದ ಜಾರಿಗೆ ಬಂದ ಹೊಸ ಸುರಕ್ಷತಾ ಸಂಹಿತೆ ಆ ಸಂಖ್ಯೆಯನ್ನು 500ಕ್ಕೆ, ಅಪಾಯಕಾರಿ ಕೆಲಸ ನಡೆಯುವ ಕಡೆ 250ಕ್ಕೆ ಇಳಿಸಿತು. ಚಪ್ಪಾಳೆ ತಟ್ಟುವ ಮೊದಲು ಆ ಸಂಹಿತೆಯ ಇನ್ನೊಂದು ಕೈ ಏನು ಮಾಡಿತು ನೋಡಬೇಕು. ಕರೆಂಟು ಬಳಸುವ ಜಾಗದಲ್ಲಿ ಹತ್ತು ಜನರಿದ್ದರೆ ಹಳೆಯ ಕಾಯಿದೆ ಅದನ್ನು ಕಾರ್ಖಾನೆ ಎನ್ನುತ್ತಿತ್ತು. ಈಗ ಇಪ್ಪತ್ತು ಜನ ಬೇಕು. ಕರೆಂಟಿಲ್ಲದಿದ್ದರೆ ಇಪ್ಪತ್ತಕ್ಕೆ ಬದಲು ನಲವತ್ತು. ಮೂರೂ ತಾಲ್ಲೂಕು ಜಾಲಾಡಿದರೂ ಒಂದೇ ಸೂರಿನಡಿ ಐನೂರು ಜನ ದುಡಿಯುವ ತೆಂಗಿನ ಕಾರ್ಖಾನೆ ಎಷ್ಟು ಸಿಕ್ಕಾವು? ನಮ್ಮಲ್ಲಿರುವುದು ಹದಿನೈದು ಜನರ ನಾರಿನ ಫ್ಯಾಕ್ಟರಿ, ಮೂವತ್ತು ಹೆಂಗಸರ ಕೊಬ್ಬರಿ ಪುಡಿ ಶೆಡ್ಡು, ಮಂಡಿಯ ಹಿಂದಿನ ಗೋದಾಮು, ನಾಲ್ಕು ಜನರ ಕಾಯಿ ಕೀಳುವ ತಂಡ. ಕಾಯಿ ಕೀಳುವವರನ್ನಂತೂ ಹಳೆಯ ಕಾಯಿದೆಯೂ ನೋಡಲಿಲ್ಲ, ಹೊಸ ಸಂಹಿತೆಯೂ ನೋಡುವುದಿಲ್ಲ. ಹತ್ತು ಜನರಿಲ್ಲದ ಕಡೆಗೆ ಸಾಮಾನ್ಯವಾಗಿ ಆ ಸಂಹಿತೆ ಕಾಲಿಡುವುದೇ ಇಲ್ಲ.

ಅಂದರೆ ಸುರಕ್ಷತೆಯ ನಾಯಕ ಬೇಕೋ ಬೇಡವೋ ಎಂಬುದನ್ನು ನಾವು ಅಪಾಯ ನೋಡಿ ತೀರ್ಮಾನಿಸಿಲ್ಲ, ತಲೆ ಎಣಿಸಿ ತೀರ್ಮಾನಿಸಿದ್ದೇವೆ. ನಾರು ಬಿಡಿಸುವ ಡ್ರಮ್ಮಿಗೆ ತನ್ನ ಸುತ್ತ ಎಷ್ಟು ಜನ ನಿಂತಿದ್ದಾರೆ ಎಂದು ಗೊತ್ತಾಗುತ್ತದೆಯೇ? ಹದಿನೈದೇ ಜನ ಇದ್ದಾರೆ, ಪಾಪ ಸಣ್ಣ ಉದ್ದಿಮೆ ಎಂದು ಅದರ ಹಲ್ಲು ಮೊಂಡಾಗುತ್ತದೆಯೇ?

ಆ ಡ್ರಮ್ಮಿನ ಹತ್ತಿರವೇ ಸ್ವಲ್ಪ ಹೊತ್ತು ನಿಲ್ಲೋಣ. ಒಂದು ಮೂಲೆಯಲ್ಲಿ ನೆನೆಸಿದ ಸಿಪ್ಪೆಯ ರಾಶಿ. ಅದನ್ನು ತೋಳಿನಷ್ಟಕ್ಕೆ ತಬ್ಬಿ ತಂದು ಬಾಯಿಗೆ ಒಡ್ಡುವವರು ಹೆಚ್ಚಾಗಿ ಹೆಂಗಸರು. ಮೋಟಾರಿನಿಂದ ಡ್ರಮ್ಮಿಗೆ ಓಡುವ ಬೆಲ್ಟಿಗೆ ಜಾಲರಿ ಇರಬೇಕು. ಎಷ್ಟೋ ಕಡೆ ಇರುತ್ತದೆ, ಆದರೆ ಗೋಡೆಗೆ ಒರಗಿಸಿರುತ್ತಾರೆ. ಬೆಲ್ಟು ಜಾರಿದಾಗಲೆಲ್ಲ ಬಿಚ್ಚಿ ಹಾಕುವುದು ತಲೆನೋವು, ಅದಕ್ಕೆ. ಗಾಳಿಯ ತುಂಬ ನಾರಿನ ಧೂಳು. ಮೂಗಿಗೆ ಸೆರಗೇ ಮಾಸ್ಕು. ಆ ಸೆರಗಿನ ಇನ್ನೊಂದು ತುದಿ ಬೆಲ್ಟಿನಿಂದ ಒಂದು ಮೊಳ ದೂರದಲ್ಲಿ ಆಡುತ್ತಿರುತ್ತದೆ. ಸಿಪ್ಪೆ ಸಿಕ್ಕಿಕೊಂಡರೆ ಯಂತ್ರ ನಿಲ್ಲಿಸಿ ತೆಗೆಯಬೇಕು. ನಿಲ್ಲಿಸಿ ಮತ್ತೆ ಶುರು ಮಾಡಲು ಹೊತ್ತು ಹಿಡಿಯುತ್ತದೆ, ಕರೆಂಟು ಬೇರೆ ಪಾಳಿಯಲ್ಲಿ ಬರುತ್ತದೆ. ಹಾಗಾಗಿ ಓಡುವಾಗಲೇ ಕೋಲು ಹಾಕಿ ತೆಗೆಯುತ್ತಾರೆ. ಕೋಲು ಸಿಗದಿದ್ದರೆ ಕೈ. ಚಾಲೂ ಇರುವ ಯಂತ್ರವನ್ನು ಹೆಂಗಸರು ಅಪಾಯದ ಜಾಗದಲ್ಲಿ ಶುಚಿ ಮಾಡುವಂತಿಲ್ಲ ಎಂದು 1948ರಲ್ಲೇ ಬರೆದಿಟ್ಟಿದ್ದರು. ಆ ಸಾಲು ಓದಿದವರು ಶೆಡ್ಡಿನಲ್ಲಿ ಇಲ್ಲ, ಶೆಡ್ಡಿನಲ್ಲಿ ಇರುವವರಿಗೆ ಅದನ್ನು ಯಾರೂ ಹೇಳಿಲ್ಲ.

ಇಲ್ಲಿ ‘ನಿಲ್ಸಪ್ಪ ಮೋಟ್ರು’ ಎಂದು ಗದರಿಸುವ ಅಧಿಕಾರ ಯಾರಿಗಿದೆ? ಮಾಲೀಕ ಊರಲ್ಲಿಲ್ಲ. ಮೇಸ್ತ್ರಿಗೆ ಸಂಜೆಯೊಳಗೆ ಇಷ್ಟು ಬೇಲು ಆಗಬೇಕು. ಹದಿನೆಂಟು ವರ್ಷದಿಂದ ಅಲ್ಲೇ ದುಡಿಯುತ್ತ, ಡ್ರಮ್ಮಿನ ಸದ್ದು ಬದಲಾದರೆ ಕಣ್ಣು ಮುಚ್ಚಿಕೊಂಡೇ ಗುರುತಿಸುವ ಹೆಂಗಸಿಗೆ ಸ್ವಿಚ್ಚು ಮುಟ್ಟುವ ಹಕ್ಕಿಲ್ಲ. ಸುರಕ್ಷತೆಯ ನಾಯಕತ್ವ ಎಂದರೆ ಆ ಹಕ್ಕು. ಅದನ್ನು ಅವಳಿಗೆ ಕೊಡದೆ, ಎಂದೂ ಈ ಕಡೆ ತಲೆ ಹಾಕದ ಡಿಪ್ಲೊಮಾದವನಿಗೆ ಕೊಟ್ಟು ಕೂತಿದ್ದೇವೆ.

‘ಓದಿಲ್ಲದವರು ಏನು ಸುರಕ್ಷತೆ ನೋಡಿಯಾರು?’ ಎಂಬ ಮಾತಿದೆಯಲ್ಲ, ಅದಕ್ಕಿಂತ ಲಜ್ಜೆಗೆಟ್ಟ ವಾದ ಇನ್ನೊಂದಿಲ್ಲ. ಓದಿಲ್ಲದವರ ಕೈಗೆ ಮಚ್ಚು ಕೊಡುವಾಗ, ಅರವತ್ತಡಿ ಹತ್ತಿಸುವಾಗ, ಡ್ರಮ್ಮಿನ ಮುಂದೆ ನಿಲ್ಲಿಸುವಾಗ ನಿಮಗೆ ಅವರ ಓದಿನ ನೆನಪಾಗಲಿಲ್ಲ. ‘ಇಂದು ಬೇಡ’ ಎನ್ನುವ ಅಧಿಕಾರ ಕೊಡಬೇಕಾದಾಗ ಮಾತ್ರ ಮಾರ್ಕ್ಸ್ ಕಾರ್ಡ್ ಕೇಳುತ್ತೀರಿ.

ಇದಕ್ಕೆ ಕಾನೂನಿನಲ್ಲೇ ಜವಾಬಿದೆ. ನಿಗದಿತ ಅಳತೆ ಮೀರಿದ ಬಾಯ್ಲರನ್ನು ಸರ್ಟಿಫಿಕೇಟ್ ಇರುವ ಅಟೆಂಡೆಂಟ್ ಇಲ್ಲದೆ ಓಡಿಸುವಂತಿಲ್ಲ. ಆ ಅಟೆಂಡೆಂಟ್ ಎಂಜಿನಿಯರಲ್ಲ. ಬೆಂಕಿಯ ಮುಂದೆ ವರ್ಷಗಟ್ಟಲೆ ಬೆವರು ಸುರಿಸಿ, ನೀರಿನ ಮಟ್ಟ, ಒತ್ತಡದ ಮುಳ್ಳು, ಸೇಫ್ಟಿ ವಾಲ್ವು ಕಲಿತು, ಪರೀಕ್ಷೆ ಬರೆದು ಮೇಲೆ ಬಂದ ಕಾರ್ಮಿಕ. ಚಿಪ್ಪು ಉರಿಸಿ ಹಬೆ ಎಬ್ಬಿಸುವ ಕೊಬ್ಬರಿ ಪುಡಿ ಕಾರ್ಖಾನೆಯಲ್ಲಿ ಮುಳ್ಳು ಕೆಂಪು ಗೆರೆ ದಾಟಿದರೆ ಮಾಲೀಕನನ್ನು ಕೇಳದೆ ಬೆಂಕಿ ತಗ್ಗಿಸುವವನು ಅವನೇ. ಕೆಲಸದಲ್ಲೇ ಕಲಿತವನನ್ನು ಜವಾಬ್ದಾರಿಯ ಜಾಗಕ್ಕೆ ಏರಿಸುವ ಏಣಿ ಹೇಗಿರಬೇಕೆಂದು ಸರ್ಕಾರಕ್ಕೆ ನೂರು ವರ್ಷದಿಂದ ಗೊತ್ತಿದೆ. 2025ರಲ್ಲಿ ಹೊಸದು ಬರುವ ತನಕ ಇದ್ದ ಬಾಯ್ಲರು ಕಾಯಿದೆ 1923ರದ್ದು. ಆದರೆ ಆ ಏಣಿ ಬಾಯ್ಲರಿನ ಬಾಗಿಲಲ್ಲೇ ನಿಂತುಬಿಟ್ಟಿತು. ಬಾಯ್ಲರು ಸಿಡಿದರೆ ಮಾಲೀಕನ ಗೋಡೆಯೂ ಹಾರುತ್ತದೆ, ಡ್ರಮ್ಮಿಗೆ ಕೈ ಸಿಕ್ಕರೆ ಹೋಗುವುದು ಕೂಲಿಯವಳ ಕೈ ಮಾತ್ರ. ಕಾರಣ ಇದಲ್ಲದಿದ್ದರೆ ಇನ್ನೇನೆಂದು ಬಲ್ಲವರು ಹೇಳಲಿ.

ಈಗ ತೋಟಕ್ಕೆ ಬರೋಣ. ತೋಟದಲ್ಲಿ ಚಾಲ್ತಿಯಲ್ಲಿರುವ ಸಿದ್ಧಾಂತ ಇನ್ನೂ ಸೊಗಸು: ‘ಪಳಗಿದೋನಿಗೆ ಹಗ್ಗ ಯಾಕೆ?’ ಸೊಂಟಕ್ಕೆ ಹಗ್ಗ ಕಟ್ಟಿಕೊಂಡವನು ಹೆದರುಪುಕ್ಕಲ, ಬರಿಗಾಲಲ್ಲಿ ಸರಸರ ಏರಿದವನು ಗಂಡಸು. ಮರಕ್ಕೆ ಇಷ್ಟು ಎಂದು ಕೂಲಿ ನಿಗದಿ ಮಾಡಿದ ಮೇಲೆ ನಿಧಾನಿಸುವವನಿಗೆ ನಷ್ಟ, ಜೀವ ಪಣಕ್ಕಿಟ್ಟವನಿಗೆ ಲಾಭ. ಹೀಗೆ ಅಪಾಯಕ್ಕೆ ನಾವೇ ಬೋನಸ್ ಕೊಟ್ಟು, ಅವನು ಬಿದ್ದ ದಿನ ‘ಅವನ ಹಣೇಲಿ ಹಂಗೆ ಬರ್ದಿತ್ತು’ ಎನ್ನುತ್ತೇವೆ. ಈ ಹಣೆಬರಹಕ್ಕೆ ಯಾವಾಗಲೂ ಕೂಲಿಯವನ ಹಣೆಯೇ ಏಕೆ ಬೇಕು? ತಿಪಟೂರಿನ ಎಪಿಎಂಸಿಯಲ್ಲಿ ತೂಕದ ಪಕ್ಕ ನಿಂತ ಯಜಮಾನರ ಹಣೆ ಅದರ ಕಣ್ಣಿಗೆ ಬೀಳುವುದೇ ಇಲ್ಲವೇ?

ಮರ ಹತ್ತಿ ಹಣ್ಣಾದವರ ಮಾತು ಬೇರೆ. ಏರುವುದು ಕಷ್ಟವಲ್ಲ, ಸುಳಿಯ ಹತ್ತಿರ ಕಾಂಡ ಬಿಟ್ಟು ಗರಿಗೆ ಕೈ ಹಾಕುವ ಗಳಿಗೆ ಇದೆಯಲ್ಲ, ಅಲ್ಲಿದೆ ಆಟ ಎನ್ನುತ್ತಾರೆ. ಒಣಗಿದ ಗರಿ ಗಟ್ಟಿಯಾಗಿಯೇ ಕಾಣುತ್ತದೆ. ಭಾರ ಬಿದ್ದರೆ ಬುಡಸಮೇತ ಕಳಚಿಕೊಳ್ಳುತ್ತದೆ. ಕಾಂಡ ಸೋರಿ ಕಂದು ರಸ ಇಳಿದ ಮರ, ಅಣಬೆ ರೋಗ ಹತ್ತಿದ ಮರ ಒಳಗೆ ಎಷ್ಟು ಟೊಳ್ಳಾಗಿದೆ ಎಂಬುದನ್ನು ತಟ್ಟಿ ನೋಡಿ ಅಂದಾಜು ಮಾಡಬೇಕು. ಮಳೆ ನಿಂತ ಮಾರನೇ ಬೆಳಿಗ್ಗೆ ಕಾಂಡದ ಪಾಚಿ ಹೇಗೆ ಜಾರುತ್ತದೆ, ಕಡಜದ ಗೂಡು ಯಾವ ಗೊನೆಯ ಮರೆಯಲ್ಲಿ ಇರುತ್ತದೆ, ಇದೆಲ್ಲ ಅವರಿಗೆ ಗೊತ್ತು. ಯಾವ ಡಿಪ್ಲೊಮಾದಲ್ಲೂ ಈ ಪಾಠ ಇಲ್ಲ. ಐವತ್ತು ದಾಟಿ ಮಂಡಿ ಸೋತ ಮೇಲೆ ಅಂಥವನನ್ನು ನಾವು ಏನು ಮಾಡುತ್ತೇವೆ? ‘ಇನ್ನು ಕೈಲಾಗಲ್ಲ ಬಿಡು’ ಎಂದು ಕೂಲಿಯಿಂದ ತೆಗೆದು, ಎಳನೀರು ಲಾರಿಯ ಹತ್ತಿರ ಎಣಿಸಲು ಕೂರಿಸುತ್ತೇವೆ. ಅವನ ಜಾಗಕ್ಕೆ ಹತ್ತೊಂಬತ್ತರ ಹುಡುಗ ಬರುತ್ತಾನೆ. ಮರ ತಟ್ಟಿ ನೋಡುವುದನ್ನು ಅವನಿಗೆ ಯಾರೂ ಕಲಿಸಿಲ್ಲ. ನಾಳಿನ ಸುರಕ್ಷತಾ ನಾಯಕರನ್ನು ತಯಾರಿಸಲು ಇದ್ದ ಒಂದೇ ಶಾಲೆಯನ್ನು ಹೀಗೆ ಪ್ರತಿ ವರ್ಷ ಮುಚ್ಚುತ್ತ, ಇನ್ನೊಂದು ಕಡೆ ‘ಮರ ಹತ್ತೋರೇ ಸಿಗ್ತಿಲ್ಲ ಸಾರ್’ ಎಂದು ಗೋಳಾಡುತ್ತೇವೆ. ಹತ್ತಿದವನು ಇಳಿದು ಬರುತ್ತಾನೆ ಎಂಬ ಭರವಸೆ ಕೊಡದ ಕಸುಬಿಗೆ ಯಾವ ತಾಯಿ ಮಗನನ್ನು ಕಳಿಸುತ್ತಾಳೆ?

ತೆಂಗು ಅಭಿವೃದ್ಧಿ ಮಂಡಳಿ ಏನೂ ಮಾಡಿಲ್ಲವೇ ಎಂದು ಕೇಳುವವರಿದ್ದಾರೆ. ಮಾಡಿದೆ. 2011ರಲ್ಲಿ ತೆಂಗಿನ ಮರದ ಗೆಳೆಯರು ಎಂಬ ತರಬೇತಿ ಶುರುವಾಯಿತು. ಆರು ದಿನದ ಪಾಠ, ಕೊನೆಗೆ ಮರ ಹತ್ತುವ ಯಂತ್ರ. ಕಣ್ಣೂರು ಜಿಲ್ಲೆಯ ಚೆಂಬೇರಿಯ ರೈತರೊಬ್ಬರು ರೂಪಿಸಿದ ಆ ಬಗೆಯ ಯಂತ್ರ ನಿಜಕ್ಕೂ ಒಳ್ಳೆಯ ಸಾಧನ. ಬಿದ್ದವರಿಗೆ ಪರಿಹಾರ ಕೊಡುವ ಕೇರ ಸುರಕ್ಷಾ ವಿಮೆಯೂ ಇದೆ. ಇವೆರಡನ್ನೂ ತೋರಿಸಿ ‘ಇನ್ನೇನು ಬೇಕು?’ ಎನ್ನುವವರಿಗೆ ನನ್ನ ಉತ್ತರ: ಬೇಕಾದದ್ದೇ ಇನ್ನೂ ಬಂದಿಲ್ಲ. ಆರು ದಿನದ ತರಬೇತಿ ಒಬ್ಬನಿಗೆ ಯಂತ್ರ ಹಾಕಿಕೊಂಡು ಹತ್ತಲು ಕಲಿಸುತ್ತದೆ. ‘ಈ ಮರ ಬೇಡ’ ಎಂದು ತೋಟದ ಯಜಮಾನನ ಮುಖ ನೋಡಿ ಹೇಳಲು ಕಲಿಸುವುದಿಲ್ಲ, ಹೇಳಿದ ಮೇಲೆ ಅವನ ಆ ದಿನದ ಕೂಲಿಗೆ ಹೊಣೆ ಯಾರೆಂದೂ ತಿಳಿಸುವುದಿಲ್ಲ. ವಿಮೆಯ ಕಥೆ ಇನ್ನೂ ನೇರ. ಅದು ಎಚ್ಚರವಾಗುವುದೇ ಮನುಷ್ಯ ನೆಲಕ್ಕೆ ಬಿದ್ದ ಮೇಲೆ. ವಿಮೆ ಬೇಡವೆನ್ನುವ ಮೂರ್ಖ ನಾನಲ್ಲ. ಆದರೆ ಹೆಣದ ಬೆಲೆ ಹೆಚ್ಚಿಸಿದ್ದನ್ನೇ ಸುರಕ್ಷತೆ ಎಂದು ವೇದಿಕೆಯ ಮೇಲೆ ಹೇಳಿ ಶಾಲು ಹೊದಿಸಿಕೊಳ್ಳುವುದಿದೆಯಲ್ಲ, ಅದು ಅಸಹ್ಯ.

ಮರ ಹತ್ತದೆ ನೆಲದಿಂದಲೇ ದೋಟಿಯಲ್ಲಿ ಕೀಳುವುದು ಕ್ಷೇಮ ಎಂಬ ನಂಬಿಕೆಯನ್ನೂ ಸ್ವಲ್ಪ ಪರೀಕ್ಷಿಸಬೇಕು. ನಮ್ಮ ತೋಟಗಳ ಮೇಲೆ ವಿದ್ಯುತ್ ತಂತಿ ಹಾದುಹೋಗಿದೆ, ಬೋರ್‌ವೆಲ್‌ಗೆ ಎಳೆದ ಲೈನು ಗರಿಗಳ ಸಂದಿಯಲ್ಲೇ ಇದೆ. ಬಿದಿರಿನ ಬದಲು ಅಲ್ಯುಮಿನಿಯಂ ದೋಟಿ ಬಂತು; ಅದು ತಂತಿಗೆ ತಾಗಿದರೆ ಹಿಡಿದವನು ಅಲ್ಲೇ ಹೋದ. ಈಗ ಅಡಿಕೆಯವರ ಕಡೆಯಿಂದ ಕಾರ್ಬನ್ ಫೈಬರ್ ದೋಟಿ ಬಂದಿದೆ. ಹಗುರ, ಉದ್ದ, ಚಂದ. ಅದು ಲೋಹವಲ್ಲ, ಆದ್ದರಿಂದ ಶಾಕ್ ಹೊಡೆಯದು ಎಂದು ಎಷ್ಟು ಜನ ನಂಬಿದ್ದಾರೆ! ಕಾರ್ಬನ್ ಫೈಬರಿನಲ್ಲಿ ವಿದ್ಯುತ್ ಹರಿಯುತ್ತದೆ. ದೋಟಿ ಮಾರುವವನು, ಕೊಳ್ಳುವವನು, ಬಾಡಿಗೆಗೆ ಕೊಡುವವನು, ಇವರಲ್ಲಿ ಯಾರೂ ಹೇಳದ ಈ ಒಂದು ವಾಕ್ಯವನ್ನು ಪ್ರತಿ ತೋಟದಲ್ಲೂ ಕೆಲಸಕ್ಕೆ ಮುಂಚೆ ಹೇಳುವ ಒಬ್ಬ ಬೇಕು. ಅವನನ್ನು ಹುಡುಕಲು ಬೆಂಗಳೂರಿಗೆ ಹೋಗಬೇಕಿಲ್ಲ.

ಅದೇ ತಂತಿಯ ಮೇಲೆ ಕೆಲಸ ಮಾಡುವ ಬೆಸ್ಕಾಂನ ಪವರ್‌ಮ್ಯಾನ್‌ನನ್ನು ಕೇಳಿ ನೋಡಿ. ಸಬ್‌ಸ್ಟೇಷನ್ನಿನಿಂದ ಎಲ್‌ಸಿ ತೆಗೆದುಕೊಳ್ಳದೆ ಕಂಬ ಹತ್ತಬಾರದು ಎಂಬುದು ಅವನ ಕಸುಬಿನ ಮೊದಲ ನಿಯಮ. ಲೈನ್ ಕ್ಲಿಯರ್ ಆಗಿದೆ ಎಂದು ಅತ್ತಲಿಂದ ಒಬ್ಬ ಹೆಸರು ಹಾಕಿ ಹೇಳಬೇಕು, ಇತ್ತಲಿಂದ ಒಬ್ಬ ಬರೆದುಕೊಳ್ಳಬೇಕು. ನಿಯಮ ಮುರಿದು ಸತ್ತವರೂ ಇದ್ದಾರೆ, ನಿಜ. ಆದರೆ ನಿಯಮವೊಂದಿದೆ, ‘ಬೇಡ’ ಎನ್ನುವ ಅಧಿಕಾರ ಒಬ್ಬನಿಗಿದೆ, ಅದಕ್ಕೆ ಅವನ ಕೂಲಿ ಕಟ್ಟಾಗುವುದಿಲ್ಲ. ಕಂಬ ಹತ್ತುವವನಿಗೆ ಇರುವ ಈ ಪದ್ಧತಿ ಹತ್ತಡಿ ಪಕ್ಕದ ಮರ ಹತ್ತುವವನಿಗೆ ಯಾಕಿಲ್ಲ?

ಇನ್ನು ಖರ್ಚಿನ ಮಾತು. ‘ಇದೆಲ್ಲ ಮಾಡಿದರೆ ಸಣ್ಣ ಉದ್ದಿಮೆ ಮುಚ್ಚಿಹೋಗುತ್ತದೆ, ರೈತ ಹಾಳಾಗುತ್ತಾನೆ.’ 2025ರ ಹಂಗಾಮಿಗೆ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಲಿಗೆ 12,100 ರೂಪಾಯಿ ಇತ್ತು. ಆ ವರ್ಷ ತಿಪಟೂರಿನ ಮಾರುಕಟ್ಟೆಯಲ್ಲಿ ದರ ಅದರ ಎರಡು ಪಟ್ಟು ದಾಟಿತು. ದರ ಬಿದ್ದಾಗ ನಾವು ರಸ್ತೆ ತಡೆದೆವು, ಧರಣಿ ಕೂತೆವು, ಸರಿಯಾಗಿಯೇ ಮಾಡಿದೆವು. ದರ ಏರಿದಾಗ? ಹೆಚ್ಚಿದ ದರದ ಒಂದು ಪಾಲು ಸೊಂಟದ ಹಗ್ಗಕ್ಕೆ, ಬೆಲ್ಟಿನ ಜಾಲರಿಗೆ ಹೋಗಲಿ ಎಂದು ಒಬ್ಬ ಮುಖಂಡನಾದರೂ ಮೈಕು ಹಿಡಿದನೇ? ಬಡತನ ಇದ್ದಾಗ ದುಡ್ಡಿಲ್ಲ, ದುಡ್ಡು ಬಂದಾಗ ನೆನಪಿಲ್ಲ. ‘ಕಲ್ಪತರು ನಾಡು’ ಎಂದು ಕಮಾನು ಕಟ್ಟಿಸುತ್ತೇವೆ, ಆ ಕಲ್ಪತರು ಹತ್ತುವವನಿಗೆ ಹಗ್ಗ ದುಬಾರಿ.

ದೊಡ್ಡ ದುರಂತ ಆಗದೆ ನಾವು ಕಲಿಯುವುದಿಲ್ಲ ಎಂಬುದಕ್ಕೆ ಭೋಪಾಲವೇ ಸಾಕ್ಷಿ. 1984ರ ಡಿಸೆಂಬರ್‌ನಲ್ಲಿ ಅಲ್ಲಿ ವಿಷಾನಿಲ ಸೋರಿದ ಮೇಲೆ, 1987ರಲ್ಲಿ ಕಾರ್ಖಾನೆ ಕಾಯಿದೆ ತಿದ್ದಿ, ಅಪಾಯಕಾರಿ ಕಾರ್ಖಾನೆಗಳ ಸುರಕ್ಷತಾ ಸಮಿತಿಯಲ್ಲಿ ಆಡಳಿತದಷ್ಟೇ ಸಂಖ್ಯೆಯ ಕಾರ್ಮಿಕರು ಇರಬೇಕು, ಕಣ್ಣೆದುರು ಅಪಾಯ ಕಂಡರೆ ಎಚ್ಚರಿಸುವ ಹಕ್ಕು ಅವರಿಗಿದೆ ಎಂದರು. ಎಚ್ಚರಿಸುವ ಹಕ್ಕು, ನೆನಪಿರಲಿ. ನಿಲ್ಲಿಸುವ ಹಕ್ಕಲ್ಲ. ನಮ್ಮ ಕಡೆ ಒಂದೇ ರಾತ್ರಿ ಸಾವಿರಾರು ಜನ ಸಾಯುವುದಿಲ್ಲ. ಒಬ್ಬೊಬ್ಬರಾಗಿ, ಬೇರೆ ಬೇರೆ ತೋಟದಲ್ಲಿ, ಬೇರೆ ಬೇರೆ ತಿಂಗಳಲ್ಲಿ ಸಾಯುತ್ತಾರೆ. ಪತ್ರಿಕೆಯ ಮೂರನೇ ಪುಟದಲ್ಲಿ ನಾಲ್ಕು ಸಾಲು. ಅದಕ್ಕೆ ಕಾಯಿದೆ ತಿದ್ದುವಷ್ಟು ಸದ್ದಿಲ್ಲ.

ಸಣ್ಣ ಜಾಗಗಳಿಗೆ ದಾರಿಯೇ ಇಲ್ಲ ಎನ್ನುವವರು ಸ್ವೀಡನ್ ಕಡೆ ನೋಡಲಿ. ಅಲ್ಲಿ ಐದು ಜನ ದುಡಿಯುವ ಕಡೆಯೂ ಕಾರ್ಮಿಕರ ನಡುವಿನಿಂದಲೇ ಒಬ್ಬ ಸುರಕ್ಷತಾ ಪ್ರತಿನಿಧಿ ಇರಬೇಕು. ಜೀವಕ್ಕೆ ಕುತ್ತು ಬರುವಂತಿದ್ದರೆ ಸರ್ಕಾರಿ ಅಧಿಕಾರಿ ಬಂದು ತೀರ್ಮಾನಿಸುವ ತನಕ ಕೆಲಸ ನಿಲ್ಲಿಸುವ ಅಧಿಕಾರ ಅವನಿಗಿದೆ. ಸುರಕ್ಷತಾ ಸಮಿತಿ ಇಲ್ಲದ ಸಣ್ಣ ಜಾಗಗಳಿಗೆಂದು ಕಾರ್ಮಿಕ ಸಂಘ ನೇಮಿಸಿದ ಪ್ರಾದೇಶಿಕ ಪ್ರತಿನಿಧಿಗಳು ಊರೂರು ಸುತ್ತುತ್ತಾರೆ. ಅರ್ಧ ಶತಮಾನದಿಂದ ನಡೆದು ಬಂದ ಪದ್ಧತಿ ಇದು, ಸ್ವೀಡನ್ನೇನೂ ಇದರಿಂದ ದಿವಾಳಿಯಾಗಿಲ್ಲ. ‘ಅದು ಅವರ ದೇಶ, ನಮ್ಮ ಜನಕ್ಕೆ ಆಗಲ್ಲ’ ಎನ್ನುವಿರಾ? ನಮ್ಮದೇ ಉದ್ಯೋಗ ಖಾತರಿ ಕೆಲಸದಲ್ಲಿ ಕೂಲಿಕಾರರ ನಡುವಿನಿಂದಲೇ ಆರಿಸಿದ ಕಾಯಕ ಬಂಧುಗಳು ಹಾಜರಿ ಹಿಡಿದರು, ಅಳತೆ ನೋಡಿದರು. ಎಷ್ಟೋ ಕಡೆ ಹೆಂಗಸರೇ ಆ ಕೆಲಸ ನಿಭಾಯಿಸಿದರು. ಕೆರೆ ಹೂಳಿನ ಅಳತೆ ತೆಗೆಯಬಲ್ಲವಳು ಡ್ರಮ್ಮಿನ ಜಾಲರಿ ಹಾಕಿದೆಯೋ ಇಲ್ಲವೋ ನೋಡಲಾರಳೇ?

ಅದಕ್ಕೇ ಹೇಳುವುದು, ಡಿಪ್ಲೊಮಾ ಸೀಟು ಹೆಚ್ಚಿಸುವ ಮಾತು ಸಾಕು ಮಾಡಿ. ಪ್ರತಿ ಹೋಬಳಿಗೂ ಇಬ್ಬರು ಸುತ್ತಾಡುವ ಸುರಕ್ಷತಾ ಪ್ರತಿನಿಧಿಗಳು ಬೇಕು. ಒಬ್ಬ ಮರ ಹತ್ತಿ ಹಣ್ಣಾದವನು, ಇನ್ನೊಬ್ಬಳು ಶೆಡ್ಡಿನಲ್ಲಿ ವರ್ಷಗಟ್ಟಲೆ ದುಡಿದವಳು. ಅವರನ್ನು ಮಾಲೀಕರು ನೇಮಿಸಕೂಡದು, ದುಡಿಯುವವರೇ ಆರಿಸಬೇಕು. ಬಿಹಾರ, ಒಡಿಶಾ, ಅಸ್ಸಾಮಿನ ಹುಡುಗರು ತುಂಬಿರುವ ಶೆಡ್ಡುಗಳಿಗೆ ಅವರದೇ ಮಾತು ಬಲ್ಲ ಒಬ್ಬ ಸಹಾಯಕ ಇರಲಿ. ಕನ್ನಡದ ‘ಎಚ್ಚರಿಕೆ’ ಫಲಕ ಓದಲಾರದವನ ಕೈಯನ್ನು ಆ ಫಲಕ ಉಳಿಸುವುದಿಲ್ಲ. ಕೊನೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರವೂ ತಾಲ್ಲೂಕಿನ ಐಟಿಐಗಳೂ ಅವರಿಗೆ ತಿಂಗಳುಗಟ್ಟಲೆ ಪಾಠ ಮಾಡಲಿ. ಅಲ್ಲಿ ಅವರನ್ನು ವಿದ್ಯಾರ್ಥಿಗಳಂತೆ ಕೂರಿಸಿದರೆ ಸಾಲದು, ಮೇಷ್ಟ್ರಾಗಿಯೂ ನಿಲ್ಲಿಸಬೇಕು, ದಿನಕ್ಕೆ ಕೂಲಿಗಿಂತ ಕಡಿಮೆಯಿಲ್ಲದ ಗೌರವಧನ ಕೊಡಬೇಕು. ಬೆಸ್ಕಾಂ ತೋಟದ ಮೇಲಿನ ತಂತಿಗಳ ನಕ್ಷೆಯನ್ನು ಅವರ ಕೈಗಿಡಲಿ, ಕಟಾವಿನ ದಿನ ಅವರ ಒಂದು ಫೋನಿಗೆ ಲೈನು ಬಂದ್ ಮಾಡಲಿ. ಕಾರ್ಖಾನೆಗಳ ಇಲಾಖೆ ಐನೂರು ತಲೆಯ ಲೆಕ್ಕ ಪಕ್ಕಕ್ಕಿಟ್ಟು, ಹಲ್ಲಿರುವ ಯಂತ್ರವೊಂದು ಓಡುವ ಪ್ರತಿ ಶೆಡ್ಡಿಗೂ ಬಾಯ್ಲರ್ ಅಟೆಂಡೆಂಟಿನಂತೆ ಸರ್ಟಿಫಿಕೇಟ್ ಪಡೆದ ಒಬ್ಬ ಕಾರ್ಮಿಕ ಇರಲೇಬೇಕು ಎಂದು ನಿಯಮ ಮಾಡಲಿ. ಮರದ ಲೆಕ್ಕದ ಕೂಲಿ ಹೋಗಿ ದಿನದ ಕೂಲಿ ಬರಲಿ. ‘ಇಂದು ಬೇಡ’ ಎಂದವನ ಆ ದಿನದ ಕೂಲಿಯನ್ನು ತೋಟದ ಯಜಮಾನನೋ ಚೇಣಿ ಹಿಡಿದವನೋ ತುಂಬಿಕೊಡಲಿ.

ದುಡ್ಡೆಲ್ಲಿದೆ ಎಂದು ಕೇಳಬೇಡಿ. ತಿಪಟೂರಿನ ಎಪಿಎಂಸಿ ಗೇಟು ದಾಟುವ ಪ್ರತಿ ಚೀಲದ ಮೇಲೂ ಶುಲ್ಕ ಹಿಡಿಯಲು ಬರುತ್ತದೆ ಎಂದಾದರೆ, ಅದರಲ್ಲಿ ಒಂದು ಪಾಲು ಆ ಚೀಲ ತುಂಬಿಸಿದವರ ಜೀವಕ್ಕೆ ಎತ್ತಿಡಲೂ ಬರುತ್ತದೆ. ತೆಂಗು ಬೆಳೆಗಾರರ ಸಂಘಗಳ ಮುಖಂಡರೇ, ಮುಂದಿನ ಸಲ ಬೇಡಿಕೆ ಪಟ್ಟಿ ಹಿಡಿದು ಜಿಲ್ಲಾಧಿಕಾರಿ ಕಚೇರಿಗೆ ಹೋಗುವಾಗ ಬೆಲೆಯ ಬೇಡಿಕೆಯೇ ಮೊದಲು ಇರಲಿ, ಅದಕ್ಕೆ ಜಗಳವಿಲ್ಲ. ಎರಡನೆಯ ಸಾಲಿನಲ್ಲಿ ಹೋಬಳಿಯ ಸುರಕ್ಷತಾ ಪ್ರತಿನಿಧಿಯನ್ನು ಬರೆಯಿರಿ, ಆ ಪಟ್ಟಿಗೆ ಸಹಿ ಹಾಕುವವರಲ್ಲಿ ಕಾಯಿ ಕೀಳುವವನೊಬ್ಬನನ್ನೂ ನಾರಿನ ಫ್ಯಾಕ್ಟರಿಯ ಹೆಂಗಸೊಬ್ಬಳನ್ನೂ ಸೇರಿಸಿಕೊಳ್ಳಿ. ಸೇರಿಸಿಕೊಳ್ಳುವುದಿಲ್ಲ ಎನ್ನುವುದಾದರೆ ‘ನಮ್ಮ ಕೂಲಿಕಾರರೂ ನಮ್ಮ ಮನೆಯವರೇ’ ಎಂಬ ಮಾತನ್ನು ವೇದಿಕೆಯ ಮೇಲೆ ಇನ್ನೊಮ್ಮೆ ಆಡಬೇಡಿ.